ಉದ್ದನೆಯ ಗಾಡಿ ಬಂದ ಭಾನುವಾರ

ನೀಲಗಂಗಾ ಗೂಡ್ಸ್ ಗಾಡಿಗಳ ಬೆನ್ನು ಹತ್ತಿದವಳು.

ವಾರದ ಆರು ದಿನ ಔಷಧದ ಅಂಗಡಿಯಲ್ಲಿ ಚೀಟಿ ನೋಡಿ ಗುಳಿಗೆ ಕೊಡುವುದು ಅವಳ ಕೆಲಸ. ಏಳನೆಯ ದಿನ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು, ಸ್ಕೂಟರ್ ಹತ್ತಿ, ಅದಿರು, ಕಲ್ಲಿದ್ದಲು, ಸಿಮೆಂಟು ಹೊತ್ತ ಗಾಡಿಗಳನ್ನು ಹುಡುಕಿಕೊಂಡು ಹೊರಟುಬಿಡುವಳು. ಪ್ಯಾಸೆಂಜರ್ ಗಾಡಿಗಾದರೆ ಒಂದು ಹೊತ್ತು ಅಂತಿದೆ. ಗೂಡ್ಸ್ ಗಾಡಿ ಯಾವಾಗ ಬಂದೀತೆಂದು ಯಾರೂ ಹೇಳಲಾರರು. ಅವಳಿಗೆ ಬೇಕಾಗಿದ್ದುದೂ ಅದೇ.

ಒಂದು ದಿನ ಅಂಗಡಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಕೊಳ್ಳಲು ಹಿರಿಯರೊಬ್ಬರು ಬಂದರು. ಎಪ್ಪತ್ತು ದಾಟಿದ ವಯಸ್ಸು. ತೊಳೆದು ತೊಳೆದು ತೆಳುವಾದ ಬಿಳಿ ಅಂಗಿ. ಕೌಂಟರಿನ ಮೇಲಿದ್ದ ಅವಳ ಮೊಬೈಲಿನಲ್ಲಿ ಒಂದು ಗೂಡ್ಸ್ ಎಂಜಿನ್ನಿನ ಚಿತ್ರ ಅವರ ಕಣ್ಣಿಗೆ ಬಿತ್ತು.

"ಯಾರು ತಗದದ್ದು ಇದು?"

"ನಾನ ರಿ."

"ಈ ಗಾಡಿಯಾಗ ಏನಿತ್ತು?"

ನೀಲಗಂಗಾ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಎಂಜಿನ್ನಿನ ಮುಖವಷ್ಟೇ ಕಂಡಿತು.

ಅವಳು ಇನ್ನೊಂದು ಚಿತ್ರ ತೋರಿಸಿದಳು. ಮತ್ತೊಂದು ತೋರಿಸಿದಳು. ಅವರು ಅದೇ ಪ್ರಶ್ನೆ ಕೇಳಿದರು. ಅವಳ ಬಳಿ ನಾನೂರು ಚಿತ್ರಗಳಿದ್ದವು. ಒಂದರಲ್ಲೂ ಗಾಡಿ ಏನು ಹೊತ್ತಿತ್ತೆಂದು ಅವಳಿಗೆ ತಿಳಿದಿರಲಿಲ್ಲ.

"ಮಾರಿ ಅಷ್ಟ ನೋಡಿ ಕಳಸೀಯಲ್ಲ ತಂಗಿ," ಎಂದು ಅವರು ಗುಳಿಗೆಯ ಪೊಟ್ಟಣ ತೆಗೆದುಕೊಂಡು ಹೊರಟುಹೋದರು.

ಅವರ ಹೆಸರು ಅಡಿವೆಪ್ಪ ಎಂದು ಆಮೇಲೆ ಗೊತ್ತಾಯಿತು. ಮೂವತ್ತನಾಲ್ಕು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕುಳಿತು ಓಡಾಡಿದವರು. ಹೆಂಡತಿ ತೀರಿಕೊಂಡ ಮೇಲೆ ನದಿಯ ದಂಡೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಮುಂದಿನ ಕಲ್ಲುಹಾಸಿನ ಮೇಲೆ ಕೂತರೆ ರೈಲು ಸೇತುವೆ ಕಾಣುತ್ತಿತ್ತು.

ಮುಂದಿನ ಭಾನುವಾರ ನೀಲಗಂಗಾ ಅಲ್ಲಿಗೆ ಹೋದಳು.

"ನನಗ ಕಲಸ್ರಿ, ಕಾಕಾ."

"ಏನು ಕಲಸಲಿ? ಕ್ಯಾಮೆರಾ ಹಿಡಿಯೋದು ನನಗಿಂತ ನಿನಗ ಚಲೋ ಬರತೈತಿ."

"ನೋಡೋದು ಕಲಸ್ರಿ."

ಅಡಿವೆಪ್ಪ ಕಲ್ಲಿನ ಮೇಲೆ ಸ್ವಲ್ಪ ಸರಿದು ಕೂತರು. ಅವಳಿಗೆ ಕೂರುವಷ್ಟು ಜಾಗವಾಯಿತು.

ಅಂದಿನಿಂದ ಅವಳು ಅವರ ಶಿಷ್ಯೆ.

ಸೇತುವೆಯ ಮೇಲೆ ಅದಿರಿನ ಗಾಡಿಯೊಂದು ಬಂತು. ಎತ್ತರದ ದಂಡೆಯಿಂದ ಡಬ್ಬಿಗಳ ಒಳಗು ಕಾಣುತ್ತಿತ್ತು. ಪ್ರತಿ ಡಬ್ಬಿಯ ತಳದಲ್ಲಿ ಕೆಂಪಗೆ ಒಂದಿಷ್ಟು ಗುಡ್ಡೆ, ಮೇಲೆಲ್ಲ ಬರಿದು.

"ಯಾಕ್ರಿ ಕಾಕಾ, ಅರ್ಧಾನೂ ತುಂಬಿಲ್ಲಲ್ಲ?"

"ಅದಿರು ಭಾಳ ಭಾರ. ಕಣ್ಣಿಗೆ ಅರ್ಧ ಕಂಡದ್ದು ಹಳಿಗೆ ಪೂರ್ತಿ ಆಗಿರತೈತಿ."

ಇನ್ನೊಂದು ಸಲ ಅವಳು ಹೋಗುವಷ್ಟರಲ್ಲಿ ಗಾಡಿ ದಾಟಿಬಿಟ್ಟಿತ್ತು. ಸ್ಕೂಟರ್ ನಿಲ್ಲಿಸಿದವಳೇ ಹಣೆ ಬಡಿದುಕೊಂಡಳು.

"ತಪ್ಪಿಹೋತು, ಕಾಕಾ!"

"ಯಾರಿಗೆ?"

"ನನಗ."

"ಹಂಗ ಹೇಳು. ಅದು ಹೋಗಬೇಕಾದಲ್ಲಿಗೆ ಹೋತು."

ಹೀಗೆ ನಾಲ್ಕು ತಿಂಗಳು ಕಳೆದವು.

ಏಪ್ರಿಲ್ ತಿಂಗಳ ಒಂದು ಶನಿವಾರ, ರೈಲು ಹುಚ್ಚಿನ ಗೆಳೆಯರ ಗುಂಪಿನಲ್ಲಿ ಒಂದು ಸಂದೇಶ ಬಂತು. ಮರುದಿನ ಬೆಳಿಗ್ಗೆ ಎರಡು ಗಾಡಿಗಳನ್ನು ಒಂದಕ್ಕೊಂದು ಜೋಡಿಸಿ ಕಳಿಸುತ್ತಾರಂತೆ. ಮುಂದೆ ಎರಡು ಎಂಜಿನ್, ನಡುವೆ ಎರಡು ಎಂಜಿನ್, ನೂರಕ್ಕೂ ಹೆಚ್ಚು ಡಬ್ಬಿ. ಅಂಥ ಗಾಡಿ ತಿರುವಿನಲ್ಲಿ ಹಾವಿನಂತೆ ಬಳಕುವುದನ್ನು ಇಡಿಯಾಗಿ ಒಂದೇ ಚಿತ್ರದಲ್ಲಿ ಹಿಡಿಯಬೇಕೆಂಬುದು ಅವಳ ಎರಡು ವರ್ಷದ ಆಸೆ.

ಬೆಳಿಗ್ಗೆ ಅವಳು ಕರೆದೊಯ್ಯಲು ಹೋದಾಗ ಅಡಿವೆಪ್ಪ ಗುಳಿಗೆ ನುಂಗಿ, ರೊಟ್ಟಿಯ ಡಬ್ಬಿ, ನೀರಿನ ಬಾಟಲಿ, ಮೊಬೈಲು ಒಂದು ಬಟ್ಟೆಚೀಲಕ್ಕೆ ಹಾಕಿಕೊಂಡು ಸಿದ್ಧರಾಗಿದ್ದರು. ಚೀಲವನ್ನು ಅವಳು ಸ್ಕೂಟರಿನ ಕೊಕ್ಕೆಗೆ ತೂಗುಹಾಕಿದಳು.

"ತಿಂದ ಬರ್ರಿ ಕಾಕಾ."

"ಗಾಡಿ ಹೋಗಲಿ. ಆಮ್ಯಾಲೆ ಇಬ್ಬರೂ ಕೂಡಿ ತಿನ್ನೂಣು."

ಊರ ಹೊರಗೆ ಹಳಿಯಿಂದ ತುಸು ದೂರದಲ್ಲಿ, ರಸ್ತೆಗೆ ಕಟ್ಟಿದ ಒಂದು ಹಳೆಯ ಮೋರಿ. ಅದರ ಕಟ್ಟೆಯ ಮೇಲೆ, ಜಾಲಿಗಿಡದ ನೆರಳಿನಲ್ಲಿ ಇಬ್ಬರೂ ಕೂತರು. ಒಂಬತ್ತೂವರೆಗೆ ಹಾರ್ನ್ ಕೇಳಿಸಿತು. ನೀಲಗಂಗಾ ಎದ್ದು ನಿಂತು ಕ್ಯಾಮೆರಾ ಕಣ್ಣಿಗೆ ಹಿಡಿದಳು.

ಆಚೆಯ ಹಳಿಯ ಮೇಲೆ ಉದ್ದನೆಯ ಗಾಡಿ ತಿರುವಿಗೆ ಬಂತು. ಅದೇ ಗಳಿಗೆಗೆ ಈಚೆಯ ಹಳಿಯ ಮೇಲೆ ಎದುರು ದಿಕ್ಕಿನಿಂದ ಖಾಲಿ ಗಾಡಿಯೊಂದು ಧಡಧಡ ಎನ್ನುತ್ತ ಬಂದು ಅಡ್ಡವಾಯಿತು. ಅದು ಪೂರ್ತಿ ದಾಟುವಷ್ಟರಲ್ಲಿ ಆಚೆಯ ಗಾಡಿಯ ಕೊನೆಯ ಡಬ್ಬಿಯಷ್ಟೇ ಉಳಿದಿತ್ತು.

ಅವಳ ಕಣ್ಣಲ್ಲಿ ನೀರು ಬಂತು.

"ಕಾಕಾ, ರಸ್ತೆ ಹಳಿಗುಂಟ ಹೋಗತೈತಿ. ಮುಂದಿನ ಗುಡ್ಡದ ತಿರುವಿಗೆ ನಾನು ಮೊದಲ ಮುಟ್ಟತೀನಿ. ಡಬಲ್ ಕೂತರ ಸ್ಕೂಟರ್ ಓಡಂಗಿಲ್ಲ. ನೀವು ಇಲ್ಲೇ ಕೂತಿರ್ರಿ. ಒಂದು ತಾಸಿನ್ಯಾಗ ಬಂದೆ."

ಅಡಿವೆಪ್ಪ ದೂರವಾಗುತ್ತಿದ್ದ ಗಾಡಿಯನ್ನೇ ನೋಡುತ್ತಿದ್ದರು.

"ಹೋಗು, ಹೋಗು. ಲಗೂನ ಹೋಗು."

ಅವಳು ಹೋದಳು. ತಿರುಗಿ ನೋಡಲಿಲ್ಲ.

ಇಪ್ಪತ್ತನಾಲ್ಕು ಕಿಲೋಮೀಟರ್. ಒಮ್ಮೆ ಗಾಡಿ ಮುಂದೆ, ಒಮ್ಮೆ ಅವಳು ಮುಂದೆ. ನಡುವಿನ ಸ್ಟೇಷನ್ನಿನಲ್ಲಿ ಕೆಂಪು ಸಿಗ್ನಲ್ ಬಿದ್ದು ಗಾಡಿ ನಿಂತಿತು. ಅವಳು ನಗುತ್ತ ಅದನ್ನು ದಾಟಿ, ಗುಡ್ಡದ ಬುಡದಲ್ಲಿ ಸ್ಕೂಟರ್ ಬಿಟ್ಟು, ಬಂಡೆ ಹತ್ತಿ ಕೂತಳು.

ಗಾಡಿ ಬರಲಿಲ್ಲ. ಕಾಲು ತಾಸು ಹೋಯಿತು. ಅರ್ಧ ತಾಸು ಹೋಯಿತು. ಅವಳು ಬೆಳಕು ನೋಡಿದಳು, ಮೋಡ ನೋಡಿದಳು, ಲೆನ್ಸ್ ಒರೆಸಿದಳು. ಒಂದು ತಾಸಿನ ಮೇಲೆ ಹತ್ತು ನಿಮಿಷಕ್ಕೆ ತಿರುವಿನಲ್ಲಿ ಎಂಜಿನ್ನುಗಳು ತಲೆ ಹಾಕಿದವು.

ಮುಂದಿನ ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ, ಕೆಂಪು ಮಣ್ಣಿನ ಬಯಲನ್ನು ಸುತ್ತಿ, ಇಡೀ ಗಾಡಿ ಒಂದೇ ಚಿತ್ರದಲ್ಲಿ ಬಂತು. ಇಂಥದ್ದನ್ನು ಅವಳು ಈ ಮೊದಲು ತೆಗೆದಿರಲಿಲ್ಲ.

ಕುಣಿಯುತ್ತ ಬಂಡೆ ಇಳಿದಳು. ಬಾಯಾರಿತ್ತು. ಸ್ಕೂಟರಿನ ಹತ್ತಿರ ಬಂದು ನೀರಿಗೆ ಕೈ ಚಾಚಿದಳು.

ಕೊಕ್ಕೆಯಲ್ಲಿ ಅಡಿವೆಪ್ಪನವರ ಬಟ್ಟೆಚೀಲ ತೂಗುತ್ತಿತ್ತು.

ರೊಟ್ಟಿ ಅದರಲ್ಲಿತ್ತು. ನೀರು ಅದರಲ್ಲಿತ್ತು. ಮೊಬೈಲೂ ಅದರಲ್ಲೇ ಇತ್ತು. ಗುಳಿಗೆ ನುಂಗಿ ಉಪವಾಸ ಕೂತರೆ ಸಕ್ಕರೆ ಇಳಿದು ಏನಾಗುತ್ತದೆಂದು ದಿನಾ ಅಂಗಡಿಯಲ್ಲಿ ನಿಂತು ಹತ್ತು ಮಂದಿಗೆ ಹೇಳುವವಳು ಅವಳೇ.

ಹೇಗೆ ವಾಪಸು ಬಂದಳೆಂದು ಅವಳಿಗೆ ನೆನಪಿಲ್ಲ.

ಮೋರಿಯ ಹತ್ತಿರ ಬಂದಾಗ ಬಿಸಿಲು ನೆತ್ತಿಗೇರಿತ್ತು. ಜಾಲಿಯ ನೆರಳು ಕಟ್ಟೆ ಬಿಟ್ಟು ಯಾವಾಗಲೋ ಸರಿದಿತ್ತು. ಅಲ್ಲಿ ಯಾರೂ ಇರಲಿಲ್ಲ.

ಕಟ್ಟೆಯ ಕೆಳಗೆ ಒಂದು ಚಪ್ಪಲಿ ಬಿದ್ದಿತ್ತು. ಇನ್ನೊಂದು ಹಳಿಯ ಕಡೆಗೆ ಹತ್ತು ಹೆಜ್ಜೆ ಆಚೆ, ಮಗುಚಿ ಬಿದ್ದಿತ್ತು.

"ಕಾಕಾ!"

ಗಾಳಿಯಲ್ಲದೆ ಬೇರೇನೂ ಕೇಳಲಿಲ್ಲ. ಹಳಿಯ ಉದ್ದಕ್ಕೂ ನೋಡಬೇಕಿತ್ತು. ಅವಳಿಗೆ ಧೈರ್ಯ ಸಾಲಲಿಲ್ಲ. ಕಣ್ಣು ಮುಚ್ಚಿ ನಿಂತಳು. ಆಮೇಲೆ ತೆರೆದು ನೋಡಿದಳು. ಹಳಿಗಳು ಬಿಸಿಲಿಗೆ ಹೊಳೆಯುತ್ತ ಖಾಲಿ ಬಿದ್ದಿದ್ದವು.

ದೂರದಿಂದ ಒಬ್ಬ ಮನುಷ್ಯ ನಡೆದುಬರುತ್ತಿದ್ದ. ಕಿತ್ತಳೆ ಬಣ್ಣದ ಜಾಕೆಟ್, ಹೆಗಲ ಮೇಲೆ ಹಳಿಯ ಕೀಲಿ ಬಡಿಯುವ ಸುತ್ತಿಗೆ. ಲೈನ್ ನೋಡಿಕೊಳ್ಳುವ ಯಮನೂರ ಎಂಬವನು ಅವನು. ಹತ್ತಿರ ಬಂದವನು ಅವಳನ್ನು ನೋಡಲಿಲ್ಲ, ಚಪ್ಪಲಿಗಳನ್ನು ನೋಡಿದ.

"ಇಲ್ಲೇ ಬಿದ್ದಾವ ನೋಡು," ಎಂದು ಬಗ್ಗಿ ಎರಡನ್ನೂ ಎತ್ತಿಕೊಂಡ.

"ಅಣ್ಣಾ, ಅವು ಯಾರವು?" ಅವಳು ಅವನಿಗೆ ಅಡ್ಡ ನಿಂತಳು.

"ಒಬ್ಬರು ಅಜ್ಜಾರವು ರಿ. ತಲಿ ತಿರುಗಿ ಇಲ್ಲೇ ಕುಸಿದು ಕುಂತಿದ್ರು. ಬೆನ್ನ ಮ್ಯಾಲೆ ಹೊತ್ಕೊಂಡು ಗೇಟಿಗೆ ಒಯ್ದೆ. ಅವಸರದಾಗ ಚಪ್ಪಲಿ ಉದುರಿಬಿಟ್ಟವು."

"ಈಗ... ಈಗ ಹೆಂಗ ಅದಾರ?"

"ಈಗ ಏನ್ರಿ, ಚಾ ಕುಡಿಯಾಕತ್ತಾರ. ನನ್ನ ಸುತ್ತಿಗಿ ಹಿಡಿ ಸಡಲೈತಿ ಅಂತ ಬೈದು ಕಳಸ್ಯಾರ."

ನೀಲಗಂಗಾ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳು ಬಂತು. ಅಳುವಿನ ನಡುವೆಯೇ ನಗು ಬಂತು. ಯಮನೂರ ಏನೂ ತಿಳಿಯದೆ, ಎರಡು ಚಪ್ಪಲಿ ಕೈಯಲ್ಲಿ ಹಿಡಿದು ನಿಂತೇ ಇದ್ದ.

ರೈಲ್ವೆ ಗೇಟಿನ ಕೋಣೆ ಅಲ್ಲಿಂದ ಅರ್ಧ ಕಿಲೋಮೀಟರ್. ಗೇಟ್ ಕಾಯುವ ಹುಲಿಗೆಮ್ಮ ಬಾಗಿಲಲ್ಲೇ ಎದುರಾದಳು.

"ನೀನೇನು ಆ ಫೋಟೋದಾಕಿ? ಹಿರ್ಯಾರನ್ನ ಬಿಸಿಲಾಗ ಕುಂದ್ರಿಸಿ ಹೋಗ್ತಾರೇನವಾ? ಕೈ ಹೆಂಗ ನಡಗತಿದ್ದವು ಗೊತ್ತೈತೇನು? ನಾನು ಒಂದು ಹಿಡಿ ಬೆಲ್ಲ ತಿನಿಸದಿದ್ರ ಏನಾಗತಿತ್ತು?"

"ತಪ್ಪಾತು, ಅಕ್ಕಾ."

"ನನಗ್ಯಾಕ ಹೇಳ್ತಿ? ಒಳಗ ಹೋಗು."

ಅಡಿವೆಪ್ಪ ಸ್ಟೂಲಿನ ಮೇಲೆ ಬರಿಗಾಲಲ್ಲಿ ಕೂತಿದ್ದರು. ಮುಖ ಸ್ವಲ್ಪ ಬಾಡಿತ್ತು. ಕಣ್ಣು ಮಾತ್ರ ಎಂದಿನಂತಿತ್ತು.

ಅವಳು ಅವರ ಕಾಲ ಬಳಿ ಕೂತು ಚಪ್ಪಲಿಗಳನ್ನು ಜೋಡಿಸಿಟ್ಟಳು. ತಲೆ ಎತ್ತಲಾಗಲಿಲ್ಲ.

"ಸಿಕ್ಕಿತೇನು ಗಾಡಿ?"

"ಬೈರಿ ಕಾಕಾ, ನನಗ."

"ಸಿಕ್ಕಿತೇನು ಅಂತ ಕೇಳಿದೆ."

"ಸಿಕ್ಕಿತು ರಿ."

"ತೋರಸು."

ಅವಳು ಕ್ಯಾಮೆರಾ ತೆಗೆದಳು. ಪುಟ್ಟ ಪರದೆಯಲ್ಲಿ ಆ ಚಿತ್ರ ಮೂಡಿತು. ಅದನ್ನು ನೋಡಲು ಅವಳಿಗೇ ಮನಸ್ಸಾಗಲಿಲ್ಲ.

"ಇದು ನನಗ ಬ್ಯಾಡ ರಿ. ಅಳಿಸಿಬಿಡತೀನಿ." ಅವಳ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು.

ಅಡಿವೆಪ್ಪ ಅವಳ ಕೈ ಹಿಡಿದರು. ಅವರ ಬೆರಳುಗಳಲ್ಲಿ ನಡುಕ ಇನ್ನೂ ತುಸು ಉಳಿದಿತ್ತು.

"ಗಾಡಿ ಏನು ತಪ್ಪು ಮಾಡೈತಿ?"

ಕ್ಯಾಮೆರಾ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಬಾಯಲ್ಲೇ ಡಬ್ಬಿಗಳನ್ನು ಎಣಿಸಿದರು. ಹುಲಿಗೆಮ್ಮನನ್ನು ಕರೆದು ತೋರಿಸಿದರು. ಯಮನೂರನಿಗೂ ತೋರಿಸಿದರು. ಯಮನೂರ ಬೆರಳಿಟ್ಟು, "ಮೊದಲ ಈ ಜಾಗ ನನ್ನದ ಲೈನ್ ಇತ್ತು ರಿ, ನಾನ ನೋಡಿಕೊಳ್ತಿದ್ದೆ," ಎಂದ. ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

ನೀಲಗಂಗಾ ಅಡಿವೆಪ್ಪನವರ ಕಡೆ ತಿರುಗಿದಳು.

"ಕಾಕಾ, ಒಂದು ತಾಸಿನ ಮ್ಯಾಲೆ ಬಂಡೆ ಮ್ಯಾಲೆ ಕುಂತಿದ್ದೆ. ಒಂದ ಸಲಾನೂ ನಿಮ್ಮ ನೆನಪಾಗಲಿಲ್ಲ."

ಗುರು ಅವಳ ಮುಖ ನೋಡಿದರು.

"ಖರೆ ಹೇಳಿದಿ. ನಾನೂ ಒಂದು ಖರೆ ಹೇಳ್ತೀನಿ. ಹೋಗು ಅಂದವ ನಾನ. ಚೀಲ ಇಸ್ಕೋಬೇಕು ಅನ್ನೋದು ನನಗೂ ಹೊಳೀಲಿಲ್ಲ. ನನ್ನ ಕಣ್ಣೂ ಗಾಡಿ ಮ್ಯಾಲ ಇತ್ತು."

"ಹಂಗಂತ ನನ್ನ ತಪ್ಪು ಹೋಗತೈತೇನ್ರಿ?"

"ಹೋಗಂಗಿಲ್ಲ. ರೊಟ್ಟಿ ತಗಿ."

ನಾಲ್ವರೂ ಕೂತು ರೊಟ್ಟಿ ಹಂಚಿಕೊಂಡರು. ಹುಲಿಗೆಮ್ಮ ನಂಜಿಕೊಳ್ಳಲು ಶೇಂಗಾ ಹಿಂಡಿ ಬಡಿಸಿದಳು. ತನಗೆಷ್ಟು ಹಸಿವಾಗಿತ್ತೆಂದು ನೀಲಗಂಗಾಳಿಗೆ ಮೊದಲ ತುತ್ತಿಗೆ ಗೊತ್ತಾಯಿತು. ಅವಳು ತಿನ್ನುತ್ತ ತಿನ್ನುತ್ತ ಅಡಿವೆಪ್ಪನವರ ಕೈಯನ್ನೇ ನೋಡುತ್ತಿದ್ದಳು. ಮೂರನೆಯ ತುತ್ತಿಗೆ ಅವರ ಕೈ ನಡುಗುವುದು ನಿಂತಿತು.

ಬಿಸಿಲು ಇಳಿದ ಮೇಲೆ ಹೊರಟರು. ನೀಲಗಂಗಾ ಕ್ಯಾಮೆರಾವನ್ನು ಬ್ಯಾಗಿನೊಳಗೆ ಇಟ್ಟು ಜಿಪ್ ಎಳೆದಳು. ಬಟ್ಟೆಚೀಲವನ್ನು ಅವರ ಹೆಗಲಿಗೇ ಹಾಕಿದಳು. ಇನ್ನು ಈ ಹುಚ್ಚು ಬಿಟ್ಟೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಹೇಳಿಕೊಂಡಾಗ ಎದೆ ಖಾಲಿಯಾದಂತಾಯಿತು. ಆದರೂ ಅದೇ ಸರಿ ಅನ್ನಿಸಿತು.

ಸ್ಕೂಟರ್ ನಿಧಾನವಾಗಿ ಹೊರಟಿತು. ತಗ್ಗು ಕಂಡಲ್ಲೆಲ್ಲ ಅವಳು ಬ್ರೇಕ್ ಹಿಡಿದಳು.

ಹಿಂದಿನಿಂದ ಹಾರ್ನ್ ಕೇಳಿಸಿತು. ಭಾರ ಹೊತ್ತ ಗಾಡಿ. ಸದ್ದಿನಲ್ಲೇ ಇಬ್ಬರಿಗೂ ಗೊತ್ತಾಯಿತು. ಅವಳು ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಅಡಿವೆಪ್ಪ ಅವಳ ಭುಜ ತಟ್ಟಿದರು.

"ಗಾಡಿ ಬರಾಕತ್ತೈತಿ."

"ಬರಲಿ ಬಿಡ್ರಿ. ನನಗ ಸಾಕಾತು, ಕಾಕಾ."

"ನಿನಗ ಸಾಕಾಗಿರಬೇಕು ತಂಗಿ. ನನಗಿನ್ನೂ ಆಗಿಲ್ಲ. ನಿಲ್ಲಸು."