ರಾಜ ಕಟ್ಟದೆ ಉಳಿಸಿಕೊಂಡ ಮಾತು

ಒಂದಾನೊಂದು ಊರಿನಲ್ಲಿ ಚಿಕ್ಕಭೂಪಾಲ ಅಂತ ಒಬ್ಬ ರಾಜ ಇದ್ದ. ನಗಬೇಡಿ, ಅವನಪ್ಪ ದೊಡ್ಡಭೂಪಾಲ, ಅದಕ್ಕೇ. ಹೂಂ ಅನ್ನುತ್ತಿರಿ, ಇಲ್ಲದಿದ್ದರೆ ಕತೆ ನಿಂತುಹೋಗುತ್ತೆ.

ಒಂದು ದಿನ ರಾಜ ಊಟಕ್ಕೆ ಕೂತಾಗ ಮೇಲಿಂದ ಒಂದು ಇಸ್ಪೀಟು ಕಟ್ಟು ಬಿತ್ತು. ಮೇಲಿಂದ ಅಂದರೆ ಎಲ್ಲಿಂದ? ಮೇಲಿಂದ ಅಂದೆನಲ್ಲ! ಸಾರಿನಲ್ಲಿ ತೇಲುತ್ತಿದ್ದ ಜೋಕರ್ ಎಲೆ ತಲೆಯೆತ್ತಿ, "ದೊರೆ, ಉಪ್ಪು ಕಮ್ಮಿ," ಅಂತು. ಆಮೇಲೆ, "ಪೋಕರ್ ಕಲಿಸ್ತೀನಿ. ಆ ಆಟದಲ್ಲಿ ನನಗೆ ಜಾಗ ಇಲ್ಲ, ಎತ್ತಿ ಪಕ್ಕಕ್ಕಿಡ್ತಾರೆ. ಸುಮ್ನೆ ನೋಡ್ತಾ ಕೂತು ಎಲ್ಲ ಬಾಯಿಪಾಠ ಆಗಿದೆ," ಅಂತು.

"ಹೇಳು."

"ಕೈಗೆ ಎರಡೆರಡು ಎಲೆ, ಯಾರಿಗೂ ತೋರಿಸಬಾರದು. ಚಾಪೆ ಮೇಲೆ ಐದು ಎಲೆ, ಎಲ್ಲರಿಗೂ ಸೇರಿದ್ದು. ಅದೂ ಇದೂ ಕೂಡಿಸಿ ಯಾರದ್ದು ಜೋರೋ ಅವರು ಗೆದ್ದರು. ಎದುರಿನವರು ಏನು ಪಣ ಕಟ್ಟುತ್ತಾರೋ ನೀವೂ ಅಷ್ಟೇ ತೂಕದ್ದು ಕಟ್ಟಬೇಕು. ಆಗಲ್ಲ ಅಂದರೆ 'ಬಿಟ್ಟೆ' ಅಂತ ಎಲೆ ಎಸೀಬೇಕು."

"ಅಷ್ಟೇನಾ?"

"ಅದು ಆಟ. ಇನ್ನು ಮರ್ಯಾದೆ ಇದೆ. ಸರದಿ ಬಾರದೆ ಬಾಯಿ ತೆಗೀಬಾರದು. ಸರದಿ ಎಡಗಡೆಗೆ ಹೋಗುತ್ತೆ. ಮುಖದಲ್ಲಿ ಏನೂ ಕಾಣಬಾರದು. ಬಾಯಿಂದ ಬಂದದ್ದು ಬಂತು. ಎಸೆದ ಎಲೆ ಸತ್ತಿತು, ಮತ್ತೆ ಮುಟ್ಟಬಾರದು."

ರಾಜನಿಗೆ ಆಟಕ್ಕಿಂತ ಮರ್ಯಾದೆ ಹಿಡಿಸಿಬಿಟ್ಟಿತು. ಊರಿಗೆಲ್ಲ ಡಂಗುರ ಹೊಡೆಸಿದ. ಅವತ್ತಿನಿಂದ ಮಾತೆಲ್ಲ ಸರದಿ ಪ್ರಕಾರ. ಮೊದಲು ರಾಜ, ಆಮೇಲೆ ಅವನ ಎಡಕ್ಕಿದ್ದವರು, ಅವರ ಎಡಕ್ಕಿದ್ದವರು, ಹೀಗೆ ಊರು ಪೂರ್ತಿ ಸುತ್ತಬೇಕು. ಬಾವಿಗೆ ಬಿದ್ದ ದ್ಯಾವಣ್ಣ ಸರದಿಗೆ ಕಾದ, ಕಾದ. ಸರದಿ ಬರುವಷ್ಟರಲ್ಲಿ ಬಾವಿ ಅಭ್ಯಾಸವಾಗಿ, "ಒಂದು ಸೋಪು ಹಾಕ್ರಪ್ಪಾ," ಅಂದ.

ರಾಣಿ ಪುಟ್ಟಾಜಮ್ಮಣ್ಣಿ ಕೂರುತ್ತಿದ್ದದ್ದು ರಾಜನ ಬಲಕ್ಕೆ. ಅಂದರೆ ಊರಿಗೆಲ್ಲ ಕೊನೇ ಸರದಿ ಅವಳದು. ಯುಗಾದಿಗೆ ಅವಳಿಗೆ ಬೆನ್ನು ಕೆರೆಯಿತು. ದೀಪಾವಳಿಗೆ ಸರದಿ ಬಂತು.

"ಬೆನ್ನು ಕೆರೀತಿತ್ತು ರೀ," ಅಂದಳು.

ರಾಜ ಮುಖದಲ್ಲಿ ಏನೂ ಕಾಣಿಸದೆ, "ಚೆನ್ನಾಗಿ ಕಾದೆ," ಅಂದ. ಅವನಿಗೆ ಬಹಳ ಹೆಮ್ಮೆಯಾಗಿತ್ತು. ಅದನ್ನೂ ಕಾಣಿಸಲಿಲ್ಲ.

ಮುಂದಿನ ಸರದಿ ಬಂದಾಗ ರಾಣಿ ಚಾಪೆ ಹಾಸಿ ಎಲೆ ಹಂಚಿದಳು. ಕಟ್ಟೋಕೆ ಎಲ್ಲರ ಹಾಗೆ ಹುಣಸೆಬೀಜ ತಗೊಳ್ಳಲಿಲ್ಲ. "ನಾನು ತವರಿಗೆ ಹೋಗೋದನ್ನ ಕಟ್ಟಿದೀನಿ," ಅಂದಳು.

ರಾಜ ಜೋಕರ್ ಕಡೆ ನೋಡಿದ. ಜೋಕರ್ ಆಟದಲ್ಲೇ ಇಲ್ಲವಲ್ಲ, ಅದಕ್ಕೆ ಸರದಿಯ ಹಂಗಿಲ್ಲ. "ಅದರ ತೂಕಕ್ಕೆ ಒಂದೇ ಒಂದು ಮಾತು ಸಾಕು ದೊರೆ," ಅಂತು. "'ಹೋಗಬೇಡ' ಅಂತ."

ರಾಜನ ಕೈಯಲ್ಲಿ ಇಬ್ಬರು ರಾಜರು. ಚಾಪೆ ಮೇಲೆ ಇನ್ನೊಬ್ಬ. ಮೂವರೂ ಪಿಸುಗುಟ್ಟಿದರು: "ಕಟ್ಟೋ ಮಾರಾಯ! ಹೇಳಿಬಿಡೋ!"

ಚಿಕ್ಕಭೂಪಾಲ ಹೆಬ್ಬೆರಳಿಂದ ಅವರ ಬಾಯಿ ಮುಚ್ಚಿದ. ಸರದಿಯಿಲ್ಲದೆ ಮಾತಾಡುತ್ತವೆ, ಮರ್ಯಾದೆಗೆಟ್ಟವು! ರಾಣಿಯ ಮುಖ ನೋಡಿದ. ಅಳುವಿಲ್ಲ, ಕೋಪವಿಲ್ಲ, ತೊಳೆದಿಟ್ಟ ತಟ್ಟೆ ಹಾಗಿತ್ತು. ಎಕ್ಕಗಳೇ ಇರಬೇಕು ಇವಳ ಹತ್ತಿರ, ಅಂದುಕೊಂಡ. ಕಟ್ಟಿ ಸೋತರೆ ಮಾತು ಹೋಯಿತಲ್ಲ! ರಾಜನ ಮಾತು!

"ಬಿಟ್ಟೆ," ಅಂದ.

ರಾಣಿ ಎದ್ದು ಗಂಟು ತಗೊಂಡಳು. ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತಳು. ಆದರೆ ರಾಜನ ಸರದಿ 'ಬಿಟ್ಟೆ' ಅಂದಾಗಲೇ ಮುಗಿದಿತ್ತು. ಅವನು ಬಹಳ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡು ಕೂತ. ಅವಳು ಹೋದಳು.

ಕಟ್ಟದೆ ಉಳಿದ ಆ ಮಾತು ರಾಜನ ಗಂಟಲಲ್ಲಿ ಕೂತು ಟಕಟಕ ಬಡಿಯತೊಡಗಿತು. "ದೊರೆ, ನಾನಿನ್ನೂ ಇಲ್ಲೇ ಇದೀನಿ." ಮಜ್ಜಿಗೆ ಕುಡಿದ. ಮಾತು ಈಜಿಕೊಂಡು ಮೇಲೆ ಬಂತು. ಊರೆಲ್ಲ ಸುತ್ತಿ ಸರದಿ ಬಂದ ತಕ್ಷಣ ಖಾಲಿ ಹೊಸ್ತಿಲ ಕಡೆ ತಿರುಗಿ, "ಹೋಗಬೇಡ!" ಅಂದ.

ಹೊಸ್ತಿಲ ಮೇಲೆ ಒಂದು ಕಾಗೆ ಕೂತಿತ್ತು. ಅದು ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ.

"ಅವಳ ಕೈಲಿ ಏನಿತ್ತೋ?" ಅಂತ ರಾಜ ಜೋಕರನ್ನು ಕೇಳಿದ.

"ಬಿಟ್ಟವರು ಕೇಳಬಾರದು ದೊರೆ. ಅದೂ ಮರ್ಯಾದೆ."

"ಸುಡು ನಿನ್ನ ಮರ್ಯಾದೆ!"

ಜೋಕರ್ ಉಸಿರು ಬಿಟ್ಟು, ಚಾಪೆ ಮೇಲೆ ರಾಣಿ ಬಿಟ್ಟುಹೋದ ಎರಡು ಎಲೆ ಮಗುಚಿತು. ಕಳಾವರ್ ಎರಡು. ಆಟೀನ್ ಏಳು. ಒಂದಕ್ಕೊಂದು ಜೋಡಿಯಿಲ್ಲ, ಚಾಪೆಯ ಎಲೆಗಳಿಗೂ ಸೇರಲ್ಲ.

"ಇಷ್ಟೇನಾ?"

"ಇಷ್ಟೇ. ಬರೀ ಬುರುಡೆ. ಆ ಒಂದು ಮಾತು ಕೇಳೋಕೆ ಆಡಿದ್ದು."

ಆಗ ರಾಜನ ಮುಖದಲ್ಲಿ ಅಷ್ಟು ದಿನ ತಡೆದಿಟ್ಟದ್ದೆಲ್ಲ ಕಾಣಿಸಿತು. ಪಾಪ, ಅವೂ ಸರದಿ ಪ್ರಕಾರವೇ ಬಂದವು. ಮೊದಲು ಹಳೇ ನಗು, ಆಮೇಲೆ ಆಕಳಿಕೆ, ಆಮೇಲೆ ಹೆಮ್ಮೆ. ಅಳು ಕೊನೆಗೆ ಬಂತು.

ಚಪ್ಪಲಿ ಕೂಡ ಹಾಕದೆ ರಾಣಿಯ ತವರಿಗೆ ಓಡಿದ. ಅವಳು ಜಗಲಿ ಮೇಲೆ ಎಲೆ ಕಲಸುತ್ತಾ ಕೂತಿದ್ದಳು. ರಾಜ ಬಾಯಿ ತೆರೆದ. ಮಾತಿರಲಿಲ್ಲ. ಅದು ಕಾಗೆಗೆ ಹೋಗಿತ್ತಲ್ಲ.

"ಏನೋ ಹೇಳೋಕೆ ಬಂದಿರಿ?" ಅಂದಳು ರಾಣಿ.

ರಾಜ ಕೈ ಆಡಿಸಿದ. ತಲೆ ಆಡಿಸಿದ.

"ಎಸೆದ ಎಲೆ ಸತ್ತಿತು ರೀ. ನೀವೇ ಕಲಿಸಿದ್ದಲ್ವಾ?"

ರಾಜ ಹೂಂ ಅಂತ ಅವಳ ಎಡಗಡೆ ಹೋಗಿ ಕೂತ. ಹಂಚುವವರ ಎಡಕ್ಕೆ ಕೂತರೆ ಮೊದಲ ಎಲೆ ತನಗೇ ಬರುತ್ತೆ. ಹಂಚಿದರೆ ತಾನೇ? ಅವಳು ಇನ್ನೂ ಕಲಸುತ್ತಾ ಇದ್ದಾಳೆ. ಫರ್ ಫರ್, ಫರ್ ಫರ್.

ಈ ಕತೆಯ ನೀತಿ ಏನಪ್ಪಾ ಅಂದರೆ, ಹೊಸ್ತಿಲ ಮೇಲೆ ಯಾರಿದ್ದಾರೆ ಅಂತ ನೋಡಿ ಮಾತಾಡಿ, ಕಾಗೆ ಇದ್ದೀತು. ಇಲ್ಲಿಗೆ ನನ್ನ ಎಲೆ ಖಾಲಿ. ನನ್ನ ಎಡಗಡೆ ಯಾರ್ರೀ ಕೂತಿರೋದು? ಸರದಿ ನಿಮ್ಮದು.