ಟಿವಿ ಹಿಂದಿನ ಸಾಕ್ಷಿ

ಕಿವಿ ಇತ್ತ ತನ್ನಿ, ಮೆಲ್ಲಗೆ ಹೇಳುತ್ತೇನೆ. ಈ ಮಾತು ಗೋಡೆ ದಾಟಿದರೆ ನನ್ನಾಣೆ. ನಾನು ಪುಟ್ಟಗೌರಮ್ಮನ ಮನೆಯ ಟಿವಿ ಹಿಂದಿನ ಹಲ್ಲಿ. ಇಲ್ಲಿ ಯಾರೇ ಮಾತಾಡುವಾಗ ನಾನೊಮ್ಮೆ ಲೊಚ್ ಅಂದರೆ ಸಾಕು, ‘ಕೃಷ್ಣ ಕೃಷ್ಣ’ ಅಂತ ನೆಲ ತಟ್ಟಿ, ಆ ಮಾತು ನಿಜವೆಂದೇ ನಂಬುತ್ತಿದ್ದರು.

ಮೊನ್ನೆ ಮೊಬೈಲಿನ ವಿಡಿಯೋಗಳನ್ನೆಲ್ಲ ಟಿವಿಯಲ್ಲಿ ತೋರಿಸುವ ಡಾಂಗಲ್ ಒಂದು ಬಂದು ನನ್ನ ಪಕ್ಕದಲ್ಲೇ ಸಿಕ್ಕಿಕೊಂಡಿತು. ಹೆಬ್ಬೆರಳುದ್ದದ ಅಗ್ಗದ ಮಾಲು. ಬಾಯಿಲ್ಲ, ಹೊಟ್ಟೆಯಿಲ್ಲ, ಬರೀ ಒಂದು ಕಣ್ಣು ಮಿಣಮಿಣ. ಇದು ಯಾರದೋ ಕಡೆಯ ಬೇಹುಗಾರನೇ ಇರಬೇಕು ಅಂತ ನನಗೆ ಅವತ್ತೇ ಅನುಮಾನ.

ಏಕಾದಶಿಯ ಸಂಜೆ ಪುಟ್ಟಗೌರಮ್ಮ ಸೊಸೆಗೆ, “ಉಪವಾಸ ಕಣೆ, ಮಧ್ಯಾಹ್ನವೆಲ್ಲ ಭಜನೆಯನ್ನೇ ನೋಡಿದೆ” ಅಂದರು. ನಾನು ಲೊಚ್ ಅಂದೆ. ಸೊಸೆ ಭಕ್ತಿಯಿಂದ ನೆಲ ತಟ್ಟಿ ಟಿವಿ ಹಾಕಿದಳು. ‘ಅರ್ಧಕ್ಕೆ ಬಿಟ್ಟದ್ದು ಮುಂದುವರಿಸಿ’ ಅಂತ ಡಾಂಗಲ್ ತೋರಿಸಿದ್ದು ನಾಟಿಕೋಳಿ ಸಾರು ಮಾಡುವ ವಿಡಿಯೋ! ಸೊಸೆ ಬಿದ್ದು ಬಿದ್ದು ನಕ್ಕು, “ಇನ್ನು ಈ ಹಲ್ಲಿ ಮಾತು ಯಾರು ನಂಬುತ್ತಾರೆ, ಅತ್ತೆ?” ಅಂದುಬಿಟ್ಟಳು.

ನನಗೆ ಬಾಲಕ್ಕೆ ಬೆಂಕಿ ಬಿದ್ದಂತಾಯಿತು. “ಚಾಡಿಕೋರ! ಮನೆಯವರ ಗುಟ್ಟು ರಟ್ಟು ಮಾಡಲು ನಿನ್ನನ್ನು ಕಳಿಸಿದವರು ಯಾರೋ?” ಅಂತ ಡಾಂಗಲ್ ಮೇಲೆ ಏರಿ ಹೋದೆ.

ಅದು ಸಂಕೋಚವೇ ಇಲ್ಲದೆ ನನ್ನ ಮುಖಕ್ಕೇ ಹೇಳಿತು: “ಅಜ್ಜೀ, ಅವರು ನೋಡಿದ್ದನ್ನು ನಾನು ತೋರಿಸಿದೆ. ಮಧ್ಯಾಹ್ನವೆಲ್ಲ ನನ್ನ ಪಕ್ಕದಲ್ಲಿ ಗೊರಕೆ ಹೊಡೆದ ನೀವು ಯಾವುದಕ್ಕೆ ಸಾಕ್ಷಿ ಹೇಳಿದಿರಿ?”