ಬದನೆ ತೋಟವನ್ನು ಕೊಂದವರು ಯಾರು?

"ಕೇಳ್ರಪ್ಪೋ ಕೇಳಿ! ನಮ್ಮ ದೊರೆಗಳು ಮೂರು ಒಗಟು ಹಾಕ್ತಾರೆ. ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದವರ ತಲೆ ಶುಕ್ರವಾರ ಉರುಳ್ತದೆ!"

ಡಂಗುರ ಕೇಳಿದ್ದೇ ಚಿಕ್ಕೀರ ಕುಡುಗೋಲು ಬಿಸಾಡಿ ಅರಮನೆಗೆ ಓಡಿದ. ಅವನಿಗೆ ಬೇಕಿದ್ದುದು ಅಣ್ಣನ ಪ್ರಾಣ. ತೀರಿಹೋದ ರಾಣಿ ನೆಟ್ಟಿದ್ದ ಬದನೆ ತೋಟಕ್ಕೆ ಅಣ್ಣ ದಾಸಯ್ಯನೇ ಮಾಲಿ. ತೋಟ ಒಣಗಿತೆಂದು ದೊರೆ ಅವನನ್ನು ಸೆರೆಗೆ ತಳ್ಳಿದ್ದ. ಅವನ ತಲೆಗೂ ಅದೇ ಶುಕ್ರವಾರ ನಿಗದಿಯಾಗಿತ್ತು.

ತೋಟದಲ್ಲಿ ಉಳಿದಿದ್ದುದು ಒಂದೇ ಗಿಡ. ದೊರೆ ಸಭೆಯನ್ನು ಅದರ ಬಳಿಯೇ ಕರೆದಿದ್ದ. ಪಾಪ, ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

"ಬಾಗಿಲಿಲ್ಲದ ಮನೆಯೊಳಗೆ ಕೂತು ಮನೆಯನ್ನೇ ಉಣ್ಣುವವನು ಯಾರು?"

ಸೇನಾಪತಿಯ ಮಗ ಮೀಸೆ ತಿರುವಿ, "ಮನೆಮುರುಕ ಮಂತ್ರಿ, ಪ್ರಭು" ಎಂದ. ಮಂತ್ರಿ ಎದುರಿಗೇ ಇದ್ದ. ಭಟರು ಮೀಸೆ ಸಮೇತ ಅವನನ್ನು ಎಳೆದೊಯ್ದರು.

"ಬದನೆಕಾಯಿ ಹುಳ, ಬುದ್ಧಿ" ಎಂದ ಚಿಕ್ಕೀರ. "ಮರಿ ಇದ್ದಾಗಲೇ ಕಾಯಿ ಹೊಕ್ತದೆ, ತೂತು ಮುಚ್ಕೋತದೆ. ಕುಡಿನೂ ಕೊರೀತದೆ, ಬಾಡಿದ ಕುಡಿ ಕಂಡ ದಿನವೇ ಚಿವುಟಿ ಸುಡಬೇಕು."

ದೊರೆ ಎರಡು ಸುತ್ತು ತಿರುಗಿ ಬಂದ. "ಬೆಂಕಿಯಲ್ಲಿ ಬೆಂದು ಹುಟ್ಟಿದವನು. ಮುಂಜಾನೆ ಕರೆದರೆ ಎಲೆಯ ಮೇಲೆ ಕಾವಲಿರುತ್ತಾನೆ, ಮಧ್ಯಾಹ್ನ ಕರೆದರೆ ಓಡಿಹೋಗುತ್ತಾನೆ. ಯಾರವನು?"

ಆಸ್ಥಾನ ಪಂಡಿತರು "ಸೂರ್ಯ" ಎಂದು ಶ್ಲೋಕ ಶುರುಮಾಡಿದರು. ಉಳಿದರ್ಧ ಶ್ಲೋಕ ಸೆರೆಮನೆಯ ದಾರಿಯಲ್ಲಿ ಮುಗಿಯಿತು.

"ಒಲೆ ಬೂದಿ, ಬುದ್ಧಿ. ಇಬ್ಬನಿ ಇದ್ದಾಗ ಎರಚಿದ್ರೆ ಎಲೆಗೆ ಅಂಟ್ತದೆ, ಹುಳ ಬಾಯಿ ಹಾಕಲ್ಲ. ಬಿಸಿಲೇರಿದ ಮೇಲೆ ಎಲ್ಲಾ ಗಾಳಿಪಾಲು."

ಮೂರನೆಯದಕ್ಕೆ ದೊರೆ ಬರಿದಾದ ತೋಟದತ್ತ ಕೈ ತೋರಿಸಿದ. "ಕುಡಿಯನ್ನೂ ಚಿವುಟಿಸಿದೆ, ಬೂದಿಯನ್ನೂ ಎರಚಿಸಿದೆ. ಆದರೂ ಅವಳ ತೋಟ ಸತ್ತಿತು. ಕೊಂದವರು ಯಾರು?"

ಮಂತ್ರಿ ಚಿಕ್ಕೀರನ ಕಿವಿಯಲ್ಲಿ ಪಿಸುಗುಟ್ಟಿದ: "ಅಣ್ಣನ ಹೆಸರು ಹೇಳಿಬಿಡು. ನೀನಾದರೂ ಉಳಿಯುತ್ತೀಯ."

ಚಿಕ್ಕೀರನಿಗೆ ಭಯವಾಗಿತ್ತು. ಆದರೂ ದೊರೆಯತ್ತ ತಿರುಗಿ ಹೇಳಿದ:

"ತಾವೇ, ಬುದ್ಧಿ."

ಕತ್ತಿಗಳು ಒರೆಯಿಂದ ಹೊರಬಂದವು. ಚಿಕ್ಕೀರ ಬಡಬಡನೆ ಹೇಳಿದ: "ಸೇರು ಹುಳ ತಂದವರಿಗೆ ಸೇರು ರಾಗಿ ಅಂತ ಅಪ್ಪಣೆ ಮಾಡಿದ್ರಿ. ಕಾಯೊಳಗಿನ ಹುಳ ಯಾರ ಕೈಗೆ ಸಿಕ್ತದೆ? ಜನ ಕಣ್ಣಿಗೆ ಕಾಣೋ ಕೆಂಪು ಗುಲಗಂಜಿ ಹುಳನೆಲ್ಲ ಬಾಚ್ಕೊಂಡು ಬಂದ್ರು. ಎಲೆ ರಸ ಹೀರೋ ಗಿಡದ ಹೇನನ್ನ ತಿಂದು ಗಿಡ ಕಾಯ್ತಿದ್ದದ್ದೇ ಅವು. ಅಣ್ಣ ಬೇಡ ಅಂದ. ತೋಟ ಒಣಗಿದಾಗ ಅವನನ್ನೇ ಒಳಗೆ ಹಾಕಿದ್ರಿ."

"ತೋರಿಸು" ಎಂದ ದೊರೆ.

ಚಿಕ್ಕೀರ ಬೇಲಿಯ ತೊಗರಿ ಗಿಡಗಳಲ್ಲಿ ತಡಕಾಡಿ ನಾಲ್ಕು ಗುಲಗಂಜಿ ಹುಳ ತಂದ. ಹೇನು ಮುತ್ತಿ ಕಪ್ಪಾಗಿದ್ದ ಕುಡಿಯ ಮೇಲೆ ಬಿಟ್ಟ. ದೊರೆ ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕೂತ, ಎದ್ದ, ಮತ್ತೆ ಕೂತ. ಸಂಜೆಯ ಹೊತ್ತಿಗೆ ಕುಡಿ ಹಸಿರಾಗಿ ಕಂಡಿತು. ದೊರೆ ಎಲ್ಲರ ಎದುರೇ ಅತ್ತುಬಿಟ್ಟ.

ಒಗಟು ತಪ್ಪಿದವರೆಲ್ಲ ಬಿಡುಗಡೆಯಾದರು, ಮೀಸೆಯೂ ಶ್ಲೋಕವೂ ಸೇರಿ. "ಅರ್ಧ ರಾಜ್ಯ ತಗೋ" ಎಂದ ದೊರೆ.

"ರಾಜ್ಯ ನಂಗ್ಯಾಕೆ ಬುದ್ಧಿ? ಅಣ್ಣನ್ನ ಕೊಡಿ, ಸಾಕು."

ದೊರೆ ಅಣ್ಣನನ್ನೂ ಕೊಟ್ಟ, ತೋಟವನ್ನೂ ಅವರಿಬ್ಬರ ಹೆಸರಿಗೇ ಬರೆದುಕೊಟ್ಟ. ದಾಸಯ್ಯ ನೇರವಾಗಿ ಗಿಡದ ಬಳಿಗೆ ಬಂದು ಒಂದೊಂದೇ ಎಲೆ ಮಗುಚಿ ನೋಡಿದ. ಆಮೇಲೆ ತಲೆಯೆತ್ತಿ ಹೇಳಿದ:

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಬುದ್ಧಿ, ಬೇರು ತುಳೀತಾ ಇದೀರಿ."

ದೊರೆ ಸರಿದು ನಿಂತ.